ಕಾಡಿನ ನೆಲಕ್ಕೆ ಹುಲ್ಲನ್ನು ಮರಳಿ ತರುವ ಬಗೆ

ಯಾವುದಾದರೊಂದು ವಸ್ತುವಿಗೆ ಬೆಲೆಯಿಲ್ಲವೆಂದು ಹೇಳಬೇಕಾದಾಗ ಅದನ್ನು ‘ತೃಣಸಮಾನ’ವೆಂದು ಕರೆಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಹುಲ್ಲುಕಡ್ಡಿಗಿಂತ ಅಲ್ಪವಾದುದು ಲೋಕದಲ್ಲಿ ಬೇರೊಂದಿಲ್ಲವೆಂಬುದೇ ಈ ಮಾತಿನ ಅಭಿಪ್ರಾಯವು. ಆದರೆ ನಮ್ಮ ಹಸಿವನ್ನು ಹಿಂಗಿಸುವ ರಾಗಿ, ಭತ್ತ, ಜೋಳ, ನವಣೆಗಳೂ, ಬೆಲ್ಲವನ್ನು ಕೊಡುವ ಕಬ್ಬೂ, ಮೊರ ಬುಟ್ಟಿ ಏಣಿಗಳಾಗಿ ಮನೆಮನೆಗೂ ಒದಗುವ ಬಿದಿರೂ ಹುಲ್ಲಿನ ಕುಟುಂಬಕ್ಕೆ ಸೇರಿದುವೆಂಬುದನ್ನು ಸಸ್ಯಶಾಸ್ತ್ರದ ಮೊದಲ ಪಾಠಗಳಲ್ಲಿಯೇ ನಮ್ಮ ವಿದ್ಯಾರ್ಥಿನಿಯರು ಕಲಿತಿರುವರು. ಹೊಲದ ಹುಲ್ಲು ಮನುಷ್ಯನನ್ನು ಸಲಹುವಂತೆ ಕಾಡಿನ ಹುಲ್ಲು ಕಾಡನ್ನು ಸಲಹುತ್ತದೆ. ಈ ಎರಡನೆಯ ಸಂಗತಿಯು ಮಾತ್ರ ನಮ್ಮ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಕೆಟ್ಟುಹೋದ ಕಾಡಿನ ತುಣುಕೊಂದನ್ನು ಸರಿಪಡಿಸಲು ಹೊರಟವರು ಮರದ ಸಸಿಗಳನ್ನು ನೆಡುವ ಯೋಚನೆಯನ್ನು ಮಾಡುವರು. ಹುಲ್ಲನ್ನು ಬೆಳೆಸುವ ಯೋಚನೆಯನ್ನು ಮಾಡುವವರು ವಿರಳ. ಹುಲ್ಲಿಲ್ಲದೆ ನಮ್ಮ ಸೀಮೆಯ ಒಣಕಾಡು ಮರಳಿ ಕಾಡಾಗಲಾರದೆಂಬುದನ್ನೂ, ಆ ಹುಲ್ಲನ್ನು ಬೀಜದಿಂದಲೂ ಬುಡದಿಂದಲೂ ವೃದ್ಧಿಪಡಿಸುವ ಬಗೆಯನ್ನೂ ಸರಳವಾಗಿ ವಿವರಿಸುವುದೇ ಈ ಲೇಖನದ ಉದ್ದೇಶವು.

ಕಾಡೆಂದೊಡನೆ ಬಿಸಿಲು ಕಾಣದ ದಟ್ಟವಾದ ಅರಣ್ಯವು ನಮ್ಮ ಕಣ್ಣೆದುರಿಗೆ ನಿಲ್ಲುವುದು. ಪಶ್ಚಿಮ ಘಟ್ಟಗಳಲ್ಲಿ ಮಳೆ ಹೆಚ್ಚಾಗಿ ಬೀಳುವ ಕಡೆ ಅದು ನಿಜವೇ. ಆದರೆ ಮೈಸೂರು, ಚಾಮರಾಜನಗರಗಳ ಕಡೆಯ ಕಾಡಿನಲ್ಲಿ ಬಹುಭಾಗವು ಬೇಸಗೆಯಲ್ಲಿ ಎಲೆಯುದುರಿಸುವ ಮರಗಳ ಕಾಡು. ಅಲ್ಲಿ ದಿಂಡಿಗ, ಮತ್ತಿ, ಹೊನ್ನೆ, ತಡಸಲು, ನೆಲ್ಲಿ ಮೊದಲಾದ ಮರಗಳು ಒಂದಕ್ಕೊಂದು ಎಡೆಗೊಟ್ಟು ನಿಲ್ಲುವುವು. ಆ ಎಡೆಗಳಲ್ಲಿ ಬಿಸಿಲು ನೆಲವನ್ನು ಮುಟ್ಟುವುದು. ಬಿಸಿಲು ಮುಟ್ಟಿದ ನೆಲದಲ್ಲಿ ಹುಲ್ಲು ಹುಲುಸಾಗಿ ಬೆಳೆಯುವುದು. ಇಂತಹ ಕಾಡನ್ನು ಎರಡು ಅಂತಸ್ತಿನ ಮನೆಗೆ ಹೋಲಿಸಬಹುದು. ಮರಗಳು ಮಾಳಿಗೆಯಾದರೆ ಹುಲ್ಲು ನೆಲದ ಅಂತಸ್ತು. ಜಿಂಕೆ, ಕಡವೆ, ಕಾಟಿ, ಆನೆಗಳಿಗೆ ಊಟವು ಬಡಿಸಲ್ಪಡುವುದು ಮುಖ್ಯವಾಗಿ ಈ ಕೆಳಗಿನ ಅಂತಸ್ತಿನಲ್ಲಿಯೇ. ಬಿರುಸಾದ ಮಳೆಯ ಹನಿಯ ಪೆಟ್ಟನ್ನು ತಡೆದು, ನೀರನ್ನು ನೆಲಕ್ಕೆ ಇಂಗಿಸಿ, ದಾರದ ಬಲೆಯಂತಹ ತನ್ನ ಬೇರುಗಳಿಂದ ಮಣ್ಣನ್ನು ಹಿಡಿದು ನಿಲ್ಲಿಸುವುದೂ ಈ ಹುಲ್ಲೇ. ಹುಲ್ಲು ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ಆದುದರಿಂದ ದನ ಮೇಯ್ದರೂ, ಹಗುರವಾದ ಬೆಂಕಿಯು ಹಾಯ್ದುಹೋದರೂ ಅದು ಸಾಯುವುದಿಲ್ಲ. ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ.

ಇಷ್ಟು ಗಟ್ಟಿಯಾದ ಹುಲ್ಲು ಸೋತುದು ಬಿಸಿಲಿನ ಕೊರತೆಗೆ. ಅಮೆರಿಕ ಖಂಡದ ಉಷ್ಣಪ್ರದೇಶದ ಲಂಟಾನವೆಂಬ ಪೊದೆಯನ್ನು 19ನೆಯ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಅದು ಬೇಲಿಗಳಿಗೂ, ಬೇಲಿಗಳಿಂದ ಕಾಡುಗಳಿಗೂ ಹಬ್ಬಿತು. ಅದರ ಕರಿಯ ಹಣ್ಣನ್ನು ತಿಂದ ಪಿಕಳಾರ, ಗೊರವಂಕಗಳು ಬೀಜವನ್ನು ಎಲ್ಲೆಡೆಯೂ ಬಿತ್ತಿದುವು. ಭಾರತದ ಹುಲಿಗಳಿರುವ ಕಾಡುಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಭಾಗವನ್ನು ಅದು ಆಕ್ರಮಿಸಿದೆಯೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತಿಳಿಸಿತು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಗುರುತಿಸಿದ ಕಾಡಿನ ತುಂಡುಗಳನ್ನು 1997ರಲ್ಲಿ ಪರೀಕ್ಷಿಸಿದಾಗ ಹತ್ತರಲ್ಲಿ ಸುಮಾರು ನಾಲ್ಕರಲ್ಲಿ ಲಂಟಾನವಿತ್ತು. 2008ರಲ್ಲಿ ನೋಡಿದಾಗ ಹತ್ತರಲ್ಲಿ ಸುಮಾರು ಎಂಟರಲ್ಲಿತ್ತು. ಹನ್ನೊಂದು ವರ್ಷಗಳಲ್ಲಿ ಇಮ್ಮಡಿಯಾಯಿತು! ಆ ಪೊದೆಯ ಕೆಳಗೆ ನಡುಹಗಲಿನಲ್ಲಿಯೂ ನೆರಳು. ಅಲ್ಲಿ ಹುಲ್ಲು ಹಳದಿಗಟ್ಟಿ, ಸೊರಗಿ, ಕಡೆಗೆ ಇಲ್ಲವಾಗುತ್ತದೆ. ಲಂಟಾನದ ಎಲೆಯು ದನಗಳಿಗೆ ವಿಷಕರವಾದುದರಿಂದ ಹುಲ್ಲಿನ ಸ್ಥಾನಕ್ಕೆ ಬಂದ ಗಿಡವು ಮೇವೂ ಆಗುವುದಿಲ್ಲ.

ಬೆಟ್ಟದ ಸೋಲಿಗರು ಈ ಬದಲಾವಣೆಯನ್ನು ಪಂಡಿತರಿಗಿಂತ ಮೊದಲೇ ಕಂಡವರು. ಚಳಿಗಾಲವು ಮುಗಿಯುತ್ತ ಬರುವಾಗ, ನೆಲದಲ್ಲಿ ಇನ್ನೂ ಸ್ವಲ್ಪ ತೇವವಿರುವಂತೆಯೇ, ಉದುರಿದ ಒಣ ಎಲೆಗಳಿಗೆ ಅವರು ಹಗುರವಾಗಿ ಬೆಂಕಿಯಿಡುವ ಪದ್ಧತಿಯಿತ್ತು. ಇದಕ್ಕೆ ‘ತರಗು ಬೆಂಕಿ’ಯೆಂದು ಹೆಸರು. ಅದು ಮರವನ್ನು ಸುಡದೆ, ನೆಲದ ಮೇಲೆ ತೆವಳಿಹೋಗಿ, ಎಳೆಯ ಲಂಟಾನವನ್ನು ಕೊಂದು, ಹುಲ್ಲಿಗೆ ಬೆಳಕನ್ನು ಬಿಡಿಸಿಕೊಡುತ್ತಿತ್ತು. 1974ರಲ್ಲಿ ಬೆಟ್ಟವು ವನ್ಯಜೀವಿಧಾಮವಾದ ಮೇಲೆ ಈ ಪದ್ಧತಿಯು ನಿಂತಿತು. ಬೆಂಕಿ ನಿಂತುದೇ ಲಂಟಾನವು ಹೆಚ್ಚಿದುದಕ್ಕೆ ಮುಖ್ಯ ಕಾರಣವೆಂದು ಸೋಲಿಗರ ಹಿರಿಯರು ಹೇಳುವುದನ್ನು ಸಂಶೋಧಕರು ದಾಖಲೆ ಮಾಡಿರುವರು. ಹಾಗಾದರೆ ಈಗ ಮತ್ತೆ ಬೆಂಕಿಯಿಟ್ಟರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು, ಅಪಾಯವೂ ಹೌದು. ಆಳೆತ್ತರದ ಲಂಟಾನಕ್ಕೆ ಬಿದ್ದ ಬೆಂಕಿಯು ಏಣಿಯನ್ನು ಹತ್ತಿದಂತೆ ಮರದ ತುದಿಗೆ ಏರುವುದು. ಮರವು ಬೆಂದರೂ ಲಂಟಾನದ ಬೇರು ಮಾತ್ರ ಉಳಿದು ಮತ್ತೆ ಚಿಗುರುವುದು. ಆದುದರಿಂದ ಮೊದಲು ಪೊದೆಯನ್ನು ಕೈಯಿಂದ ತೆಗೆಯತಕ್ಕದ್ದು. ಆಮೇಲೆ ಹುಲ್ಲನ್ನು ಕೈಯಿಂದಲೇ ತರತಕ್ಕದ್ದು.

ಪೊದೆಯನ್ನು ತೆಗೆಯುವುದಕ್ಕೆ ಒಳ್ಳೆಯ ಕ್ರಮವೊಂದನ್ನು ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ. ಆರ್. ಬಾಬು ಅವರೂ ಅವರ ಸಂಗಡಿಗರೂ ಉತ್ತರಾಖಂಡದ ಕಾರ್ಬೆಟ್ ರಕ್ಷಿತಾರಣ್ಯದಲ್ಲಿ ಪ್ರಯೋಗಿಸಿ 2009ರಲ್ಲಿ ಪ್ರಕಟಿಸಿದರು. ಲಂಟಾನವನ್ನು ನೆಲದ ಮೇಲೆ ಕಡಿದರೆ ಒಂದು ಕೊಂಬೆಗೆ ಹತ್ತು ಕೊಂಬೆ ಬರುವುದು. ಅದಕ್ಕೆ ಬದಲಾಗಿ ಮಣ್ಣಿನ ಮಟ್ಟದಿಂದ 1ರಿಂದ 2 ಅಂಗುಲ ಕೆಳಗೆ ಗುದ್ದಲಿಯಿಂದ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ಎತ್ತಿ, ಬೇರು ಮೇಲಾಗಿ ಬರುವಂತೆ ತಲೆಕೆಳಗಾಗಿಟ್ಟು ಒಣಗಿಸಬೇಕು. ಚಿಗುರುವ ಶಕ್ತಿಯು ಬೇರಿನ ಆ ಮೇಲ್ಭಾಗದಲ್ಲಿಯೇ ಇರುವುದರಿಂದ ನೆಲದಲ್ಲಿ ಉಳಿದ ಬೇರು ಮತ್ತೆ ಮೊಳೆಯುವುದಿಲ್ಲ. ಹೀಗೆ ತೆರವಾದ ನೆಲದಲ್ಲಿ ಅವರು ಆ ಸ್ಥಳದ ಹುಲ್ಲುಗಳನ್ನೂ ಇತರ ಗಿಡಗಳನ್ನೂ ಬೆಳೆಸಿದರು. ಅವರ ಕ್ರಮದಲ್ಲಿ ಈ ಎರಡನೆಯ ಕೆಲಸವು ಮೊದಲನೆಯದರಷ್ಟೇ ಮುಖ್ಯವಾದುದು. ಬಹುಮಂದಿ ಮರೆಯುವುದೂ ಇದನ್ನೇ.

ಮರೆತವರಲ್ಲಿ ಈ ಲೇಖನವನ್ನು ಬರೆಯುತ್ತಿರುವವಳೂ ಒಬ್ಬಳು. ಕೆಲವು ವರ್ಷಗಳ ಹಿಂದೆ ಗೆಳತಿಯರು ನಾಲ್ವರು ಸೇರಿ, ನಮ್ಮವರೊಬ್ಬರ ಜಮೀನಿನ ಅಂಚಿನಲ್ಲಿದ್ದ ಅರ್ಧ ಎಕರೆಯಷ್ಟು ಕುರುಚಲು ಕಾಡಿನಿಂದ ಲಂಟಾನವನ್ನು ತೆಗೆಸಿದೆವು. ಜನವರಿಯಲ್ಲಿ ಕೆಲಸ ಮುಗಿಯಿತು. ನೆಲವು ಗುಡಿಸಿದ ಅಂಗಳದಂತೆ ಕಂಡಿತು. ನಮಗೆ ಬಹಳ ಹೆಮ್ಮೆಯಾಯಿತು. ಜೂನ್ ತಿಂಗಳ ಮಳೆ ಬಿದ್ದ ಮೂರನೆಯ ವಾರಕ್ಕೆ ಹೋಗಿ ನೋಡಿದರೆ, ರಾಗಿಯ ಒಟ್ಲುಪಾತಿಯಂತೆ ನೆಲದ ತುಂಬ ಲಂಟಾನದ ಮೊಳಕೆಗಳು! ಮಣ್ಣಿನಲ್ಲಿ ಅಡಗಿದ್ದ ಬೀಜಗಳಿಗೆ ನಾವೇ ಬೆಳಕನ್ನೂ ಜಾಗವನ್ನೂ ಸಿದ್ಧಮಾಡಿಕೊಟ್ಟಿದ್ದೆವು. ಬರಿದಾದ ನೆಲವು ಬರಿದಾಗಿ ಉಳಿಯುವುದಿಲ್ಲ; ನಾವು ಹುಲ್ಲನ್ನು ಕೂರಿಸದಿದ್ದರೆ ಕಳೆಯು ತಾನೇ ಬಂದು ಕೂರುತ್ತದೆ. ಆ ಪಾಠವನ್ನು ಕಲಿಯುವುದಕ್ಕೆ ನಮಗೆ ಒಂದು ವರ್ಷ ಹಿಡಿಯಿತು.

ಮರುವರ್ಷ ಹುಲ್ಲಿನ ಬೀಜವನ್ನು ಆರಿಸಿ ತಂದು, ಡಿಸೆಂಬರಿನಲ್ಲಿಯೇ ಪಾತಿಮಾಡಿ ಬಿತ್ತಿ, ದಿನವೂ ನೀರೆರೆದೆವು. ಒಂದು ಕಾಳೂ ಮೊಳೆಯಲಿಲ್ಲ. ಬೀಜವು ಕೆಟ್ಟದ್ದೆಂದು ಬಗೆದು ಪಾತಿಯನ್ನು ಅಗೆಸಿ ಸೊಪ್ಪನ್ನು ಹಾಕಿಸಿದೆವು. ಕಳೆ ಕೀಳಲು ಬರುತ್ತಿದ್ದ ವಯಸ್ಸಾದ ತಾಯಿಯೊಬ್ಬಳು ಇದನ್ನು ಕೇಳಿ ನಕ್ಕು, “ಅಮ್ಮಾವ್ರೇ, ಅದಕ್ಕೂ ಒಂದು ಬೇಸ್ಗೆ ನಿದ್ದೆ ಬೇಡ್ವಾ? ಮಿಕ್ಕಿದ್ದ ಬೀಜಾನ ಚೀಲದಲ್ಲೇ ಬುಡಿ, ಮಳೆಗೆ ಬಿತ್ತೀರಂತೆ” ಎಂದಳು. ಹಾಗೆಯೇ ಮಾಡಿದೆವು. ಮುಂಗಾರಿನಲ್ಲಿ ಅದೇ ಚೀಲದ ಬೀಜವು ಹತ್ತನೆಯ ದಿನಕ್ಕೆ ಮೊಳೆತು ಹಸುರಾಯಿತು. ಆಕೆಯ ಮಾತಿನಲ್ಲಿ ಶಾಸ್ತ್ರವಿತ್ತು. ಕಾಡುಹುಲ್ಲುಗಳಲ್ಲಿ ಅನೇಕವು ಬಿಡಿಸಿದ ಕೂಡಲೇ ಮೊಳೆಯವು. ಅವುಗಳ ಬೀಜಕ್ಕೆ ಕೆಲವು ತಿಂಗಳುಗಳ ಸುಪ್ತಾವಸ್ಥೆಯಿರುವುದು. ಬೀಜ ಬಿದ್ದೊಡನೆ ಮೊಳೆತರೆ ಮುಂದೆ ಬರುವ ಬೇಸಗೆಯಲ್ಲಿ ಸಸಿಯು ಒಣಗಿ ಸಾಯುವುದರಿಂದ ಪ್ರಕೃತಿಯು ಮಾಡಿದ ಏರ್ಪಾಡು ಇದು.

ಇನ್ನು ಕೆಲಸದ ಕ್ರಮವನ್ನು ಒಂದೊಂದಾಗಿ ಹೇಳುವೆನು.

ಮೊದಲನೆಯದು ಹುಲ್ಲಿನ ಆಯ್ಕೆ. ಬೀಜವನ್ನು ದೂರದೂರದಿಂದ ತರಿಸಬೇಕಾಗಿಲ್ಲ, ತರಿಸಲೂಕೂಡದು. ಅದೇ ಮಣ್ಣಿನಲ್ಲಿ, ಅದೇ ಮಳೆಯಲ್ಲಿ ಬೆಳೆದ ಹುಲ್ಲೇ ಅಲ್ಲಿಗೆ ಒಗ್ಗುವುದು. ಬಂಡೆಗಳ ಸಂದು, ಹಳೆಯ ಗೋಮಾಳದ ಮೂಲೆ, ಸಮಾಧಿಸ್ಥಳಗಳ ಅಂಚು, ದಾರಿಯ ಬದಿ, ಇಂತಹ ಕಡೆಗಳಲ್ಲಿ ಹುಡುಕಿದರೆ ಕಾಡಿನ ಹಳೆಯ ಹುಲ್ಲುಗಳು ಉಳಿದಿರುವುದು ಕಾಣುವುದು. ನಡೆಯುವವರ ಸೀರೆಯ ಅಂಚಿಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು, ಕೈಯಲ್ಲಿ ಉಜ್ಜಿದರೆ ಪರಿಮಳ ಬೀರುವ, ಮಜ್ಜಿಗೆ ಹುಲ್ಲಿನ ಬಳಗದ ಎತ್ತರದ ಹುಲ್ಲು, ಗುಡ್ಡದ ಇಳಿಜಾರಿನ ಕರಡ, ನೆಲಕ್ಕೆ ಹಬ್ಬುವ ಗರಿಕೆ, ಇವುಗಳಲ್ಲಿ ಆ ಸ್ಥಳದಲ್ಲಿ ಯಾವುದಿರುವುದೋ ಅದನ್ನು ತೆಗೆದುಕೊಳ್ಳಬಹುದು. ಒಂದೇ ಜಾತಿಯನ್ನು ನೆಚ್ಚದೆ ನಾಲ್ಕೈದು ಜಾತಿಗಳನ್ನು ಸೇರಿಸುವುದು ಲೇಸು. ಆಫ್ರಿಕ ಮೂಲದ ಗಿನಿ ಹುಲ್ಲನ್ನು ಮೇವಿಗೆಂದು ಹೊಲದಲ್ಲಿ ಬೆಳೆಸಬಹುದು. ಆದರೆ ಕಾಡಿಗೆ ಬಿಡಕೂಡದು. ಅದು ಲಂಟಾನದ ಹಾಗೆಯೇ ಇತರ ಗಿಡಗಳನ್ನು ಮುಚ್ಚಿಬಿಡುವುದುಂಟು. ಸರಕಾರದ ಕಾಡಿನಿಂದ ಬೀಜವನ್ನಾಗಲಿ ಬುಡವನ್ನಾಗಲಿ ತರಬೇಕಾದರೆ ಅರಣ್ಯ ಇಲಾಖೆಯ ಅನುಮತಿಯನ್ನು ಪಡೆಯುವುದು ಅವಶ್ಯಕ.

ಎರಡನೆಯದು ಬೀಜಸಂಗ್ರಹ. ಮಳೆಗಾಲದ ಕೊನೆಯಲ್ಲಿ ಹೂತೆನೆಯಾದ ಹುಲ್ಲು ಸಾಮಾನ್ಯವಾಗಿ ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಬಲಿಯುವುದು. ತೆನೆಯನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಮೇಲಕ್ಕೆ ಎಳೆದಾಗ ಬೀಜವು ತಾನಾಗಿ ಅಂಗೈಗೆ ಬಂದರೆ ಬಲಿತಿದೆಯೆಂದು ತಿಳಿಯಬೇಕು. ಬಲವಂತಪಡಿಸಬೇಕಾದರೆ ಇನ್ನೂ ಒಂದು ವಾರ ಕಾಯಬೇಕು. ಇಬ್ಬನಿಯು ಆರಿದ ಮೇಲೆ ಆರಿಸುವುದು ಒಳ್ಳೆಯದು. ಇದ್ದುದನ್ನೆಲ್ಲ ಕಿತ್ತು ತರದೆ, ಅರ್ಧಕ್ಕಿಂತ ಹೆಚ್ಚನ್ನು ಆ ನೆಲಕ್ಕೂ ಹಕ್ಕಿ ಇರುವೆಗಳಿಗೂ ಬಿಟ್ಟುಬರತಕ್ಕದ್ದು. ಕಾಡುಹುಲ್ಲಿನ ಹೊಟ್ಟಿನಲ್ಲಿ ಅನೇಕವು ಜಳ್ಳಾಗಿರುವುದರಿಂದ ಕೆಲವನ್ನು ಉಗುರಿನಿಂದ ಒತ್ತಿ ಕಾಳಿದೆಯೇ ಎಂದು ನೋಡಬೇಕು. ಬಳಿಕ ನಾಲ್ಕೈದು ದಿನ ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ತುಂಬಿ, ಜಾತಿಯ ಹೆಸರು, ಸ್ಥಳ, ತಾರೀಖುಗಳನ್ನು ಬರೆದ ಚೀಟಿಯನ್ನಿಟ್ಟು, ಇಲಿ ಮುಟ್ಟದಂತೆ ತೂಗುಹಾಕುವುದು. ಪ್ಲಾಸ್ಟಿಕ್ ಚೀಲದಲ್ಲಿ ಬೆವರುಕಟ್ಟಿ ಬೂಷ್ಟು ಹಿಡಿಯುತ್ತದೆ.

ಊಬಿನ ಹುಲ್ಲಿನ ಬೀಜದ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಇರಲಾರೆನು. ಸಸ್ಯಶಾಸ್ತ್ರದಲ್ಲಿ ಹೆಟೆರೊಪೋಗನ್ ಕಂಟಾರ್ಟಸ್ ಎಂದು ಹೆಸರುಳ್ಳ ಇದರ ಪ್ರತಿಯೊಂದು ಬೀಜಕ್ಕೂ ಹಗ್ಗದಂತೆ ಹುರಿಗೊಂಡ ಉದ್ದವಾದ ಬಾಲವಿದೆ. ತೇವ ತಗಲಿದಾಗ ಆ ಹುರಿಯು ಬಿಚ್ಚಿಕೊಳ್ಳುವುದು. ಒಣಗಿದಾಗ ಮತ್ತೆ ಸುತ್ತಿಕೊಳ್ಳುವುದು. ಹೀಗೆ ರಾತ್ರಿಯ ತೇವಕ್ಕೂ ಹಗಲಿನ ಬಿಸಿಲಿಗೂ ತಿರುಗಿ ತಿರುಗಿ, ಬಡಗಿಯ ಬೈರಿಗೆಯು ಮರವನ್ನು ಕೊರೆಯುವಂತೆ, ಚೂಪಾದ ತುದಿಯು ಬೀಜವನ್ನು ಮಣ್ಣಿನೊಳಗೆ ಇಳಿಸುವುದು. ಬೀಜವು ತನ್ನನ್ನು ತಾನೇ ನೆಟ್ಟುಕೊಳ್ಳುವುದೆಂದರೆ ತಪ್ಪಾಗಲಾರದು. ನಮ್ಮ ಬಟ್ಟೆಗೆ ಚುಚ್ಚಿಕೊಂಡು ಬೇಸರ ತರಿಸುವುದೂ ಇದೇ ಯಂತ್ರವು. ಹೊಗೆಯ ಸೋಂಕು ತಗಲಿದರೆ ಈ ಬೀಜವು ಹೆಚ್ಚಾಗಿ ಮೊಳೆಯುವುದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ತರಗು ಬೆಂಕಿಯ ಮರುವರ್ಷ ಹುಲ್ಲು ಹುಲುಸಾಗುವುದರ ಕಾರಣಗಳಲ್ಲಿ ಇದೂ ಒಂದಾಗಿರಬಹುದು.

ಮೂರನೆಯದು ಮೊಳಕೆಯ ಪರೀಕ್ಷೆ. ಮೇ ತಿಂಗಳಿನಲ್ಲಿ 100 ಬೀಜಗಳನ್ನು ಎಣಿಸಿ, ಒದ್ದೆಯಾದ ಬಟ್ಟೆಯಲ್ಲಿ ಮಡಿಸಿಟ್ಟು, ಎರಡು ವಾರ ತೇವವಾರದಂತೆ ನೋಡಿಕೊಂಡರೆ ಎಷ್ಟು ಮೊಳೆಯುವುವೆಂಬುದು ಗೊತ್ತಾಗುವುದು. 20 ಮಾತ್ರ ಮೊಳೆತರೂ ನಿರಾಶರಾಗಬಾರದು; ಅಷ್ಟು ದಟ್ಟವಾಗಿ ಬಿತ್ತಿದರೆ ಸರಿಹೋಗುವುದು. ಚಿಕ್ಕ ಮಕ್ಕಳು ಬಹಳ ಆಸಕ್ತಿಯಿಂದ ಮಾಡುವ ಕೆಲಸವಿದು.

ನಾಲ್ಕನೆಯದು ಒಟ್ಲುಪಾತಿ. ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರಗಳನ್ನು ಜರಡಿಯಾಡಿ ಬೆರೆಸಿ, ನೆಲಕ್ಕಿಂತ ಅರ್ಧ ಗೇಣು ಎತ್ತರವಾಗಿ ಪಾತಿಯನ್ನು ಮಾಡಬೇಕು. ಬೀಜವನ್ನು ಎರಚಿ, ಅದು ಮರೆಯಾಗುವಷ್ಟು ಮಾತ್ರ ಮಣ್ಣನ್ನು ಉದುರಿಸಬೇಕು. ಆಳಕ್ಕೆ ಹೋದ ಬೀಜವು ಮೇಲೆ ಬರಲಾರದು. ತೆಳ್ಳಗೆ ಒಣಹುಲ್ಲನ್ನು ಹೊದಿಸಿ, ಹೂದಾನಿಗೆ ನೀರು ಚಿಮುಕಿಸುವಂತೆ ಮೆಲ್ಲನೆ ನೀರೆರೆಯಬೇಕು. ಸಸಿಯಲ್ಲಿ ಮೂರು ನಾಲ್ಕು ಎಲೆಗಳಾದಾಗ ಹೊದಿಕೆಯನ್ನು ತೆಗೆದು ಬಿಸಿಲಿಗೆ ಒಗ್ಗಿಸುವುದು. ಆರರಿಂದ ಎಂಟು ವಾರಗಳಲ್ಲಿ ಅದು ನಾಟಿಗೆ ಬರುವುದು.

ಬೀಜವಲ್ಲದೆ ಬುಡದಿಂದಲೂ ಹುಲ್ಲನ್ನು ಹೆಚ್ಚಿಸಬಹುದು. ರಾಗಿಯು ತೆಂಡೆಯೊಡೆಯುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆ ಹಿಡಿದಾಗ ಚೆನ್ನಾಗಿ ಬೆಳೆದ ಬುಡವೊಂದನ್ನು ಬೇರುಸಹಿತ ಅಗೆದು, ಎಲೆಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಎರಡು ಮೂರು ತೆಂಡೆಗಳು ಒಂದೊಂದರಲ್ಲಿ ಇರುವಂತೆ ಕೈಯಿಂದ ಬಿಡಿಸಬೇಕು. ಒಂದು ಎಕರೆಯೆಂದರೆ 43,560 ಚದರ ಅಡಿ. ಅಡಿಗೊಂದರಂತೆ ನೆಡುವುದಾದರೆ ಅಷ್ಟೇ ಸಸಿಗಳು ಬೇಕಾಗುವುವು. ಈ ಲೆಕ್ಕವನ್ನು ಕೇಳಿ ಎದೆಗುಂದಬಾರದು. ಒಂದು ಬುಡದಿಂದ ವರ್ಷಕ್ಕೆ 10 ಸಸಿ ಸಿಕ್ಕುವುದೆಂದು ಎಣಿಸಿದರೆ, ಹಿತ್ತಿಲಿನಲ್ಲಿ ನೆಟ್ಟ 40 ಬುಡಗಳು ಮರುವರ್ಷ 400, ಅದರ ಮರುವರ್ಷ 4,000 ಆಗುವುವು. ಆದುದರಿಂದ ಹಿತ್ತಿಲಿನ ತಾಯಿಪಾತಿಯೇ ಈ ಕೆಲಸಕ್ಕೆ ಬಂಡವಾಳವು. ಎಷ್ಟು ನೆಲಕ್ಕೆ ಹುಲ್ಲು ಸಿದ್ಧವಾಗಿದೆಯೋ ಅಷ್ಟು ನೆಲದ ಲಂಟಾನವನ್ನು ಮಾತ್ರ ಆ ವರ್ಷ ತೆಗೆಯತಕ್ಕದ್ದು. ನಾವು ಮಾಡಿದ ತಪ್ಪನ್ನು ಇತರರು ಮಾಡದಿರುವುದಕ್ಕೆ ಇದೊಂದೇ ನಿಯಮವು ಸಾಕು.

ಐದನೆಯದು ನಾಟಿ. ಮುಂಗಾರು ನೆಲೆನಿಂತು ನೆಲವು ಒಂದು ಗೇಣು ಆಳ ನೆನೆದ ಮೇಲೆ, ಇಳಿಜಾರಿಗೆ ಅಡ್ಡವಾಗಿ ಸಾಲುಹಿಡಿದು ನೆಡಬೇಕು. ಅಡ್ಡಸಾಲುಗಳು ಹರಿಯುವ ನೀರನ್ನು ತಡೆಯುವುವು. ಸಾಲುಗಳ ನಡುವೆ ಬೀಜವಿರುವ ಒಣಹುಲ್ಲನ್ನೇ ಹಾಸಿದರೆ ಇನ್ನೂ ಉತ್ತಮ. ಅದು ಮಣ್ಣನ್ನು ಮುಚ್ಚುವುದು, ತೇವವನ್ನು ಉಳಿಸುವುದು, ಬೀಜವನ್ನೂ ಉದುರಿಸುವುದು. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಇದೇ ಊಬಿನ ಹುಲ್ಲಿಗೆ ಪಿಲಿಯೆಂದು ಹೆಸರು. ಹಿಂದೆ ಅಲ್ಲಿಯವರು ಇದನ್ನು ಮನೆಗಳಿಗೆ ಹೊದಿಸುತ್ತಿದ್ದರು. 1941ರಿಂದ 1990ರವರೆಗೆ ಅಮೆರಿಕದ ನೌಕಾದಳವು ಬಾಂಬು ಎಸೆಯುವ ಅಭ್ಯಾಸಕ್ಕೆ ಬಳಸಿದ ಕಹೊಓಲವೆ ಎಂಬ ದ್ವೀಪದ ಗಾಯಗೊಂಡ ನೆಲಕ್ಕೆ ಹಸುರನ್ನು ತರುವುದರಲ್ಲಿ, ಬೀಜಸಹಿತವಾದ ಪಿಲಿ ಹುಲ್ಲಿನ ಕಟ್ಟುಗಳನ್ನು ಹರಡುವ ಕ್ರಮವನ್ನು ಅನುಸರಿಸಿದರು. ನಮ್ಮ ಬೆಟ್ಟಗಳಲ್ಲಿ ಯಾರೂ ತಿರುಗಿ ನೋಡದ ಹುಲ್ಲಿಗೆ ಅಲ್ಲಿ ಅಷ್ಟು ಮರ್ಯಾದೆ!

ಆರನೆಯದೂ ಅತ್ಯಂತ ಕಷ್ಟದ್ದೂ ಆದ ಕೆಲಸವು ಕಾಯುವುದು. ಲಂಟಾನದ ಬೀಜವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಪ್ರತಿ ಮಳೆಯ ಹಿಂದೆಯೂ ಅದರ ಮೊಳಕೆಗಳನ್ನು ಬೇರುಸಹಿತ ಕೀಳಬೇಕು. ಹಕ್ಕಿಗಳು ಕೂರುವ ಮರದಡಿಯನ್ನು ವಿಶೇಷವಾಗಿ ನೋಡಬೇಕು. ಈ ಕಾವಲು ಕಡೆಯ ಪಕ್ಷ ಮೂರು ಮಳೆಗಾಲಗಳಾದರೂ ನಡೆಯಬೇಕು. ಮೊದಲನೆಯ ವರ್ಷ ದನಕರುಗಳನ್ನು ಬಿಡಕೂಡದು. ಒಣಮುಳ್ಳಿನ ಬೇಲಿಯಿಂದ ತಡೆಯಬಹುದು. ಎರಡನೆಯ ವರ್ಷ ಬೀಜವು ಉದುರಿದ ಮೇಲೆ ಹುಲ್ಲನ್ನು ಒಮ್ಮೆ ಕೊಯ್ದರೆ ಬುಡವು ಅಗಲವಾಗುವುದು. ಹುಲ್ಲು ಒತ್ತಾಗಿ ನೆಲವನ್ನು ಹಿಡಿಯಿತೆಂದರೆ ಕಳೆಯ ಮೊಳಕೆಗೆ ಎಡೆ ದೊರೆಯುವುದು ಕಡಿಮೆಯಾಗುವುದು; ಆಗ ನಮ್ಮ ಕೆಲಸದ ಬಹುಪಾಲನ್ನು ಹುಲ್ಲೇ ವಹಿಸಿಕೊಳ್ಳುವುದು. ನೆಲ್ಲಿ, ಹೊನ್ನೆಗಳ ಎಳೆಯ ಸಸಿಗಳು ತಾವಾಗಿ ಕಾಣಿಸಿಕೊಂಡರೆ ಅವುಗಳ ಸುತ್ತ ಹುಲ್ಲನ್ನು ಸ್ವಲ್ಪ ಬಿಡಿಸಿ ಕಾಪಾಡಬೇಕು. ಆದರೆ ಅವಸರಪಟ್ಟು ಮರಗಳನ್ನು ಒತ್ತೊತ್ತಾಗಿ ನೆಟ್ಟರೆ ಮತ್ತೆ ನೆರಳು ಕವಿದು, ನಾವು ತಂದ ಹುಲ್ಲನ್ನು ನಾವೇ ಕೊಂದಂತಾಗುವುದು.

ಇಷ್ಟೆಲ್ಲ ಶ್ರಮವು ಹುಲ್ಲಿಗಾಗಿಯೇ ಎಂದು ಕೇಳುವವರಿಗೆ ಮಧ್ಯಪ್ರದೇಶದ ಕಾನ್ಹಾ ಕಾಡಿನ ಬಾರಾಸಿಂಗವೆಂಬ ಜಿಂಕೆಯ ವೃತ್ತಾಂತವನ್ನು ಹೇಳಬೇಕು. ಹುಲ್ಲುಗಾವಲನ್ನೇ ನಂಬಿ ಬಾಳುವ ಆ ಜಿಂಕೆಯ ಗಟ್ಟಿನೆಲದ ಬಳಗದಲ್ಲಿ 1970ರಲ್ಲಿ ಉಳಿದಿದ್ದುವು 66 ಮಾತ್ರ. ರಕ್ಷಣೆಯ ಇತರ ಕ್ರಮಗಳೊಂದಿಗೆ ಹುಲ್ಲುಗಾವಲುಗಳನ್ನೂ ಕಾಪಾಡಿ ಬೆಳೆಸಿದ ಮೇಲೆ ಅವು ಮತ್ತೆ ನೂರಾರಾದುವು. ಹುಲ್ಲಿದ್ದರೆ ಜಿಂಕೆ, ಜಿಂಕೆಯಿದ್ದರೆ ಹುಲಿ. ಕಾಡಿನೊಳಗೆ ಮೇವು ಸಾಲದೆ ಹೋದಾಗ ಆನೆಯು ರಾಗಿಯ ಹೊಲಕ್ಕೆ ಇಳಿಯುವುದುಂಟೆಂಬುದನ್ನು ಕಾಡಂಚಿನ ರೈತರ ಮನೆಗಳಲ್ಲಿ ಬೇರೆಯಾಗಿ ಹೇಳಬೇಕಾಗಿಲ್ಲ.

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಗೃಹಿಣಿಯರು, ಕೆಲವರು ಉಪಾಧ್ಯಾಯಿನಿಯರು, ಕೆಲವರು ಹೊಲ ತೋಟಗಳ ಒಡತಿಯರು. ಪೋಷಕರಲ್ಲಿ ನಾಟಿಯ ಕೆಲಸವನ್ನು ಕೈಯಾರ ಬಲ್ಲವರು ಬಹಳ ಮಂದಿ. ಬೀಜವನ್ನು ಆರಿಸುವುದು, ಕೇರುವುದು, ಒಣಗಿಸಿ ಕಾಪಿಡುವುದು, ಒಟ್ಲು ಹಾಕುವುದು, ಪೈರು ಕಿತ್ತು ನೆಡುವುದು, ಕಳೆ ತೆಗೆಯುವುದು, ಇವೆಲ್ಲ ನಮ್ಮ ತಾಯಂದಿರ ಕೈಗೆ ತಲೆತಲಾಂತರದಿಂದ ಬಂದ ವಿದ್ಯೆಗಳು. ಕಾಡಿನ ಹುಲ್ಲಿಗೆ ಬೇಕಾದುದೂ ಇದೇ ವಿದ್ಯೆ. ಹೊಸದಾಗಿ ಕಲಿಯಬೇಕಾದುದು ಅಲ್ಪವೇ. ಮುಂದಿನ ಅಕ್ಟೋಬರಿನಲ್ಲಿ ಮಕ್ಕಳೊಡನೆ ಊರ ಹೊರಗೆ ತಿರುಗಾಡಲು ಹೋದಾಗ ಸೀರೆಗೆ ಊಬು ಚುಚ್ಚಿಕೊಂಡರೆ, ಬೈದು ಕಿತ್ತೆಸೆಯದೆ ಅವನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಮನೆಗೆ ತನ್ನಿರಿ. ಒಂದು ಬೇಸಗೆ ಅವು ನಿದ್ದೆಮಾಡಲಿ. ಜೂನ್ ತಿಂಗಳಿನಲ್ಲಿ ಹಿತ್ತಿಲಿನ ಮೂಲೆಯಲ್ಲಿ ಒಂದು ಮಾರಿನಷ್ಟು ನೆಲವನ್ನು ಅವುಗಳಿಗೆ ಕೊಡಿರಿ. ಕಾಡಿನ ತುಣುಕೊಂದು ಮರಳಿ ಬರುವುದಾದರೆ ಅಷ್ಟು ಚಿಕ್ಕ ಪಾತಿಯಿಂದಲೇ ಬರಬೇಕು.